ನಮ್ಮ ಮನೆಯ ಟೋಕನ್, ಅವರ ಮನೆಯ ಟೋಕನ್

ಶನಿವಾರ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಬೇರಿನಲ್ಲಿ ಮಣ್ಣು ಜಾಸ್ತಿ ಇದ್ದ ಕಟ್ಟು. ಆಗ ಭದ್ರಾವತಿಯ ಡಯಾಲಿಸಿಸ್ ಕೇಂದ್ರದ ಹಿರಿಯ ನರ್ಸ್ ಫೋನ್ ಮಾಡಿದರು.

“ಅಕ್ಕಾ, ಹೊಸ ಕಂಪ್ಯೂಟರ್ ಬಂತು. ನಿಮ್ಮ ಪ್ರೋಗ್ರಾಮ್ ಓಪನ್ ಮಾಡಿದ್ರೆ ಇಂಗ್ಲಿಷಲ್ಲಿ ಏನೋ ಬೈದು ಮುಚ್ಕೊಳ್ಳುತ್ತೆ.”

“ಏನಂತ ಬೈಯುತ್ತೆ ಸಿಸ್ಟರ್?”

“ಓದಕ್ಕೆ ಬಿಟ್ರೆ ತಾನೆ ಹೇಳೋದು!”

ಆ ಕೇಂದ್ರ ಒಂದು ಧರ್ಮಾರ್ಥ ಟ್ರಸ್ಟಿನದು. ಅಲ್ಲಿನ ಮೆಷಿನ್‌ಗಳಲ್ಲಿ ಒಂದಕ್ಕೆ ಮಾತ್ರ ಹಳದಿ ಪಟ್ಟಿ ಅಂಟಿಸಿದ್ದಾರೆ. ರಕ್ತದಲ್ಲಿ ಕಾಮಾಲೆಯ ಸೋಂಕು ಇರುವವರಿಗೆ ಅದೊಂದೇ. ಅವರನ್ನು ಬೇರೆ ಮೆಷಿನ್‌ಗೆ ಹಾಕುವ ಹಾಗಿಲ್ಲ, ಬೇರೆಯವರನ್ನು ಅದಕ್ಕೆ ಹಾಕುವ ಹಾಗಿಲ್ಲ. ಯಾರಿಗೆ ಯಾವ ದಿನ, ಯಾವ ಪಾಳಿ, ಯಾವ ಮೆಷಿನ್ ಎಂದು ಚಾರ್ಟ್ ಹಾಕಿ, ಒಬ್ಬೊಬ್ಬರಿಗೂ ಟೋಕನ್ ಚೀಟಿ ಮುದ್ರಿಸುವುದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಪುಟ್ಟ ಪ್ರೋಗ್ರಾಮ್. ಅದನ್ನು ಬರೆದ ಕಾಲೇಜಿನ ಮೇಷ್ಟರು ವರ್ಗವಾಗಿ ಹೋದ ಮೇಲೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮನೆಗೆಲಸದ ನಡುವೆ ಮಾಡುವ ಸೇವೆ, ಅಷ್ಟೇ.

ಗುರುವಾರ ವೋಲ್ಟೇಜ್ ಏರಿ ಅಲ್ಲಿನ ಹಳೆಯ ಕಂಪ್ಯೂಟರ್ ಸುಟ್ಟಿತ್ತು. ಪ್ರೋಗ್ರಾಮ್ ಮತ್ತು ರೋಗಿಗಳ ಹಾಳೆಗಳ ನಕಲು ಪೆನ್‌ಡ್ರೈವಿನಲ್ಲಿ ಇದ್ದದ್ದರಿಂದ ಅವು ಉಳಿದವು. ಶುಕ್ರವಾರದ ಚಾರ್ಟನ್ನು ಕೈಯಲ್ಲಿ ಬರೆದರು. ಅವಸರದಲ್ಲಿ ಹಳದಿ ಮೆಷಿನ್‌ಗೆ ಬೇರೆ ರೋಗಿಯ ಹೆಸರು ಬಿತ್ತು. ಸೂಜಿ ಚುಚ್ಚುವ ಮೊದಲೇ ನರ್ಸ್ ಗಮನಿಸಿದರು. ಅದು ಅಲ್ಲಾಹನ ದೊಡ್ಡ ದಯೆ. ಆದರೆ ಡಾಕ್ಟರು ಹೆದರಿಬಿಟ್ಟರು. ಕಂಪ್ಯೂಟರಿನ ಚಾರ್ಟ್ ಬರಬೇಕು, ಅದು ಹಿಂದಿನ ಚಾರ್ಟುಗಳಿಗೆ ತಾಳೆಯಾಗಬೇಕು, ಅಲ್ಲಿಯವರೆಗೆ ಹಳದಿ ಮೆಷಿನ್ ಮುಟ್ಟಬಾರದು ಎಂದರು. ಹಾಗೆ ಅವತ್ತು ವಾಪಸ್ ಬಂದವರಲ್ಲಿ ನನ್ನ ಅಕ್ಕನೂ ಒಬ್ಬಳು. ನಾವು ಆಪಾ ಎನ್ನುತ್ತೇವೆ. ಅವಳ ಮುಂದಿನ ಸರದಿ ಸೋಮವಾರ. ಬೇರೆ ಎರಡು ಕಡೆ ಭಾವ ವಿಚಾರಿಸಿದರು. ಇಂಥ ರೋಗಿಗಳ ಮೆಷಿನ್ ಎಲ್ಲೂ ಬಿಡುವಿರಲಿಲ್ಲ.

ಮೊದಲಿನ ಹಾಗಿದ್ದರೆ ಸೊಪ್ಪನ್ನು ಅಲ್ಲೇ ಬಿಟ್ಟು, ಬುರ್ಖಾ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತುತ್ತಿದ್ದೆ. ಆದರೆ ನಾನು ಇದ್ದತ್‌ನಲ್ಲಿದ್ದೆ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುತ್ತಾಳೆ. ನನಗೆ ಅದರಲ್ಲಿ ಅರ್ಧವೂ ಮುಗಿದಿರಲಿಲ್ಲ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ನಾನೇ ಒಪ್ಪಿ ಕೂತದ್ದು. ಆದರೂ ರಾಗಿಗುಡ್ಡದ ಆ ಮನೆಯಲ್ಲಿ ಬೀದಿಯ ಕಡೆಗಿನ ಕಿಟಕಿಗೆ ಬೆನ್ನು ಹಾಕಿ ಕೂರುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಆಟೋ ಸದ್ದು ಕೇಳಿದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು.

ನನ್ನ ಲ್ಯಾಪ್‌ಟಾಪ್ ಕೆಟ್ಟು ಬಿದ್ದಿತ್ತು, ರಿಪೇರಿಗೆ ಕೊಡುವ ಮೊದಲೇ ಮನೆಯಲ್ಲಿ ಸಾವಾಯಿತು. ಕೇಂದ್ರದ ಪರದೆಯನ್ನು ನನ್ನ ಫೋನಿನಲ್ಲೇ ನೋಡುವ ಪ್ರಯತ್ನ ಮಾಡಿದೆವು. ಅಲ್ಲಿ ನೆಟ್ ಎಂದರೆ ನರ್ಸ್ ಅವರ ಮೊಬೈಲ್. ಚಿತ್ರ ಒಂದು ಸಲ ಬಂದು ಕಲ್ಲಾಗಿ ನಿಂತಿತು. ಉಳಿದದ್ದು ಒಂದೇ ದಾರಿ. ಅವರು ಲ್ಯಾಂಡ್‌ಲೈನಿನಲ್ಲಿ ಓದಬೇಕು, ನಾನು ಹೇಳಬೇಕು, ಅವರು ಟೈಪ್ ಮಾಡಬೇಕು.

ಪ್ರೋಗ್ರಾಮ್ ಹಳೆಯ ಪೈಥಾನ್‌ಗೆ ಬರೆದದ್ದು, ಹೊಸ ಕಂಪ್ಯೂಟರಿನಲ್ಲಿ ಇದ್ದದ್ದು ಹೊಸ ಪೈಥಾನ್. ಮೊದಲ ತಕರಾರು ಸುಲಭದ್ದು: ಪ್ರಿಂಟ್ ಎಂದಿರುವ ಕಡೆಯಲ್ಲೆಲ್ಲ ಆವರಣ ಚಿಹ್ನೆ ಹಾಕಬೇಕು. ನರ್ಸ್ ಅದನ್ನು ಹೊಲಿಗೆ ಹಾಕಿದ ಹಾಗೆ ಒಂದೊಂದಾಗಿ ಹಾಕಿದರು. ಎರಡನೆಯದು ಬಂತು: ‘ಮೆಷಿನ್ ಎಂಬ ಮಾಡ್ಯೂಲ್ ಇಲ್ಲ’.

ಇಲ್ಲ ಎಂದರೆ ಹೇಗೆ? ಮಾಡ್ಯೂಲ್ ಎಂದರೆ ಪ್ರೋಗ್ರಾಮಿನ ಒಂದು ಫೈಲು, ಅದು ಪಕ್ಕದಲ್ಲೇ ಇದೆ. ಕೇಂದ್ರ ಎಂಬ ಫೋಲ್ಡರಿನಲ್ಲಿ ಚಾರ್ಟ್, ಮೆಷಿನ್, ಟೋಕನ್ ಎಂದು ಮೂರು ಫೈಲುಗಳು. ಒಂದು ಫೈಲು ಇನ್ನೊಂದನ್ನು ಕೆಲಸಕ್ಕೆ ಕರೆಯುವುದೇ ಇಂಪೋರ್ಟ್. ಹಳೆಯ ಪೈಥಾನ್ ಹೆಸರು ಕೂಗಿದ ಕೂಡಲೇ ಮೊದಲು ಅದೇ ಫೋಲ್ಡರಿನಲ್ಲಿ ಹುಡುಕುತ್ತಿತ್ತು. ಹೊಸದು ಹಾಗೆ ಮಾಡುವುದಿಲ್ಲ. ನಮ್ಮ ಮನೆಯವನನ್ನೇ ಕರೆಯುತ್ತಿದ್ದೇವೆ ಎಂದು ತಿಳಿಸಲು ಒಂದು ಚುಕ್ಕಿ ಇಡಬೇಕು.

“ಸಿಸ್ಟರ್, ಫ್ರಮ್, ಡಾಟ್, ಇಂಪೋರ್ಟ್ ಮೆಷಿನ್. ಹೀಗೆ ಬರೀರಿ.”

“ಬರೆದೆ... ಈಗ ‘ಡಾಟ್ ಎಂಬ ಮಾಡ್ಯೂಲ್ ಇಲ್ಲ’ ಅಂತಿದೆ ಅಕ್ಕಾ.”

“ಅಯ್ಯೋ, ಡಾಟ್ ಅಂತ ಅಕ್ಷರದಲ್ಲಿ ಬರೆದ್ರಾ? ಚುಕ್ಕಿ ರೀ, ಚುಕ್ಕಿ!”

“ಹಾಗೆ ಹೇಳ್ಬೇಕಲ್ಲ. ನಾನು ಏನೋ ದೊಡ್ಡ ಸಂಗತಿ ಅಂದ್ಕೊಂಡೆ.”

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವರೇ: “ಈ ಸಾಲಲ್ಲಿ ಚುಕ್ಕಿ ಮೊದಲೇ ಇತ್ತಾ ಅಂತ ಅನುಮಾನ. ಪರದೆ ಮೇಲಿನ ಧೂಳು ಅಂತ ಒರೆಸ್ತಾ ಇದೀನಿ, ಹೋಗ್ತಾನೇ ಇಲ್ಲ.”

ನಗು ಬಂತು. ಇಷ್ಟು ದಿನಗಳಲ್ಲಿ ನಕ್ಕಿದ್ದೇ ಇಲ್ಲವೆಂದು ಆಮೇಲೆ ನೆನಪಾಗಿ, ಅದನ್ನೂ ಒಂದು ಸಣ್ಣ ಕೃಪೆ ಎಂದು ಲೆಕ್ಕಕ್ಕೆ ತೆಗೆದುಕೊಂಡೆ.

ಆದರೆ ಚುಕ್ಕಿಗಳು ಬಹಳ ಇದ್ದವು. ನರ್ಸ್ ಅವರಿಗೆ ವಾರ್ಡಿನಿಂದ ಕರೆ ಬರುತ್ತಲೇ ಇತ್ತು. ಒಂದು ಚುಕ್ಕಿ ಇಡುವುದು, ಓಡುವುದು, ಬಂದು ಎಲ್ಲಿ ಬಿಟ್ಟೆವೆಂದು ಹುಡುಕುವುದು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ನನಗೆ ಒಂದು ಅಡ್ಡದಾರಿ ಹೊಳೆಯಿತು. ಪೈಥಾನ್ ಎಲ್ಲೆಲ್ಲಿ ಹುಡುಕಬೇಕು ಎಂಬ ದಾರಿಗಳ ಪಟ್ಟಿಯೊಂದು ಇರುತ್ತದೆ. ಆ ಪಟ್ಟಿಯ ತಲೆಗೆ ನಮ್ಮ ಫೋಲ್ಡರನ್ನು ಕೂರಿಸಿಬಿಟ್ಟರೆ ಒಂದು ಚುಕ್ಕಿಯೂ ಬೇಡ. ಒಂದೇ ಸಾಲು. ಹೇಳಿದೆ, ಬರೆದರು. ಮೆಷಿನ್ ಸಿಕ್ಕಿತು, ಚಾರ್ಟ್ ಸಿಕ್ಕಿತು. ಅಲ್ಹಮ್ದುಲಿಲ್ಲಾ ಎಂದು ಫೋನ್ ಕೆಳಗಿಟ್ಟು ನಮಾಜಿಗೆ ನಿಂತೆ. ಸಲಾಮ್ ಹೇಳಿ ಮುಗಿಸುವಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಳ್ಳುತ್ತಿತ್ತು.

ರೋಗಿಗಳ ಪಟ್ಟಿ ಇರುವ ಎಕ್ಸೆಲ್ ಹಾಳೆಯನ್ನು ಓದಲು ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಒಂದು ಕಟ್ಟು, ಅಂದರೆ ಲೈಬ್ರರಿ, ಬಳಸುತ್ತೇವೆ. ಅದನ್ನು ಕರೆದ ಕೂಡಲೇ ಪ್ರೋಗ್ರಾಮ್ ಬಿದ್ದಿತ್ತು.

“ಟೋಕನ್‌ನಿಂದ ‘ಎಕ್ಸಾಕ್ಟ್ ಟೋಕನ್ ಟೈಪ್ಸ್’ ಅನ್ನೋದನ್ನ ತರಕ್ಕಾಗಲ್ಲ ಅಂತಿದೆ ಅಕ್ಕಾ. ಆಮೇಲೆ ಬ್ರಾಕೆಟ್ ಒಳಗೆ ಏನೋ ಅಡ್ರೆಸ್ ಇದೆ. ಅದೂ ಬೇಕಾ?”

“ಬೇಡ ಬಿಡಿ,” ಎಂದೆ.

ಆ ಎರಡು ಮಾತು ನನ್ನ ಒಂದು ದಿನವನ್ನು ತಿಂದವು.

ನಮ್ಮ ಪ್ರೋಗ್ರಾಮಿನಲ್ಲಿ ಅಂಥ ಹೆಸರೇ ಇಲ್ಲ. ನಮ್ಮ ಟೋಕನ್ ಎಂದರೆ ಪಾಳಿಯ ನಂಬರು, ಚೀಟಿ. ಅದಕ್ಕೆ ಟೈಪುಗಳೆಲ್ಲಿಂದ? ತಪ್ಪು ನಮ್ಮದಲ್ಲ, ಲೈಬ್ರರಿಗೂ ಹೊಸ ಪೈಥಾನ್‌ಗೂ ಹೊಂದುತ್ತಿಲ್ಲ ಎಂದು ತೀರ್ಮಾನಿಸಿದೆ. ನರ್ಸ್ ಪರದೆಯ ಫೋಟೋ ಕಳಿಸಿದರು. ಟ್ಯೂಬ್‌ಲೈಟಿನ ಬೆಳಕು ಬಿದ್ದು ಸಾಲಿನ ಕೊನೆ ಬೆಳ್ಳಗಿತ್ತು. ನಾನೂ ಕಣ್ಣು ಕಿರಿದು ಮಾಡಿ ನೋಡಲಿಲ್ಲ. ಲೈಬ್ರರಿಯ ಹಳೆಯ ಆವೃತ್ತಿ ಹಾಕಿಸಿದೆ. ಅದೇ ಬೈಗುಳ. ಅದಕ್ಕೂ ಹಿಂದಿನದು ಹಾಕಲು ಹೋದರೆ ಹೊಸ ಪೈಥಾನ್ ಒಪ್ಪಲಿಲ್ಲ. ಕೊನೆಗೆ ಹಳೆಯ ಪೈಥಾನನ್ನೇ ಹಾಕಿಬಿಡೋಣ ಎಂದರೆ, ಅದು ಕೂತಿತು, ಅದಕ್ಕೆ ಬೇಕಾದ ಲೈಬ್ರರಿ ಮಾತ್ರ ನೆಟ್‌ನಿಂದ ಇಳಿಯಲೇ ಇಲ್ಲ. ಮುಂದಿನ ಬಾಗಿಲು ತೆಗೆಯುವುದಿಲ್ಲ, ಹಿಂದಿನ ಬಾಗಿಲು ಮುಚ್ಚಿದೆ.

ಸಂಜೆ ಆಪಾಗೆ ಫೋನ್ ಮಾಡಿದೆ. ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ದಿಂಬು ಇಟ್ಟು ಕೂತೇ ಇದ್ದಾಳೆ ಎಂದು ಭಾವ ಹೇಳಿದರು. ಆಪಾ ಫೋನ್ ಕಿತ್ತುಕೊಂಡಳು.

“ಅವರ ಮಾತು ಬಿಡು. ನೀನು ಊಟ ಮಾಡಿದ್ಯಾ?”

“ನೀರೆಷ್ಟು ಕುಡಿದೆ ಆಪಾ?”

“ಐಸ್ ತುಂಡು ಚೀಪ್ತಾ ಇದೀನಿ ಮಾರಾಯ್ತಿ. ನಿನ್ನ ಟೋಕನ್ ಬರೋ ತನಕ ಫ್ರಿಜ್ಜಲ್ಲಿ ಐಸ್ ಇರುತ್ತೋ ಇಲ್ವೋ.”

ಒಂದೊಂದು ಮಾತಿಗೂ ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಕೇಂದ್ರದ ಕಾರ್ಯದರ್ಶಿಯವರು ಕರೆ ಮಾಡಿದರು. “ನೋಡಮ್ಮ, ನಾಳೆ ಭಾನುವಾರ, ಕೇಂದ್ರ ರಜ. ಕಾರು ಕಳಿಸ್ತೀನಿ. ಒಂದು ಗಂಟೆ ಬಂದು ಕೂತು ಸರಿ ಮಾಡಿಕೊಟ್ಟು ಹೋಗಿ. ನಿಮ್ಮ ಪದ್ಧತಿ ಗೊತ್ತಿಲ್ದೆ ಕೇಳ್ತಿಲ್ಲ. ಜೀವದ ಪ್ರಶ್ನೆ ಅಂತ ಕೇಳ್ತಿದೀನಿ.”

ಒಳ್ಳೆಯ ಮನುಷ್ಯರು, ಕೇಳಿದ್ದರಲ್ಲಿ ತಪ್ಪಿಲ್ಲ. ನನಗೂ ಹೋಗಿಬಿಡುವ ಆಸೆ. ಆಪಾಗೋಸ್ಕರವೋ, ಮನೆಯಿಂದ ಹೊರಗೆ ಕಾಲಿಡುವುದಕ್ಕೋ ಎಂದು ಕೇಳಿಕೊಂಡರೆ ಬೇರೆ ಮಾಡಿ ಹೇಳಲಾಗಲಿಲ್ಲ. ಅದೇ ನನ್ನನ್ನು ಹೆಚ್ಚು ಕಟ್ಟಿಹಾಕಿತು. ಅತ್ತೆ ನಮ್ಮ ಮಸೀದಿಯ ಗುರುಗಳಾದ ಹಜರತ್‌ರನ್ನು ಫೋನಿನಲ್ಲಿ ಕೇಳಿದರು. ಬೇರೆ ದಾರಿ ಇಲ್ಲದಿದ್ದರೆ ಹಗಲು ಹೋಗಿ ಹಗಲೇ ಬರಲಿ, ಜೀವ ಉಳಿಸುವುದು ಸಣ್ಣದಲ್ಲ ಎಂದು ಅವರು ಹೇಳಿದರು.

ಅತ್ತೆ ಫೋನ್ ಇಟ್ಟು ನನ್ನ ಮುಖ ನೋಡಿದರು. ನಮ್ಮ ಮನೆಮಾತು ದಖನಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಬೇರೆ ದಾರಿ ಇಲ್ದಿದ್ರೆ ಅಂದ್ರಲ್ಲ. ಇದೆಯೋ ಇಲ್ವೋ ನೋಡಿದ್ಯಾ ಬೇಟಿ?”

“ಏನಿರುತ್ತಮ್ಮಾ? ಕಂಪ್ಯೂಟರ್ ಅಲ್ಲಿದೆ, ನಾನು ಇಲ್ಲಿದೀನಿ.”

“ಅದಕ್ಕೇನು, ಅದರ ಗಂಡ ಸತ್ತಿದಾನಾ? ಅದು ಬರ್ಲಿ.”

ತಾವು ಆಡಿದ್ದು ಏನೆಂದು ಅತ್ತೆಗೆ ಆಮೇಲೆ ಹೊಳೆದಿರಬೇಕು. ಸತ್ತವನು ಅವರ ಮಗ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಕೇಂದ್ರದ ಆಂಬುಲೆನ್ಸ್ ನಮ್ಮ ಬೀದಿಗೆ ಬಂತು. ಆಂಬುಲೆನ್ಸ್ ಕಂಡು ಅಕ್ಕಪಕ್ಕದವರು ಗಾಬರಿಯಿಂದ ಹೊರಗೆ ಬಂದರು. ನರ್ಸ್ ಕಂಪ್ಯೂಟರಿನ ಡಬ್ಬವನ್ನು ಕೂಸಿನ ಹಾಗೆ ಅವಚಿಕೊಂಡು ಇಳಿದರು. ಒಳಗೆ ತಂದು ಇಟ್ಟ ಮೇಲೆ ತಲೆ ಮೇಲೆ ಕೈಯಿಟ್ಟುಕೊಂಡರು.

“ಅಕ್ಕಾ, ಕೀಬೋರ್ಡ್ ತಂದೆ, ವೈರೆಲ್ಲ ತಂದೆ. ಪರದೆ ಅಲ್ಲೇ ಬಿಟ್ಟೆ!”

ಇನ್ನೊಮ್ಮೆ ಭದ್ರಾವತಿಗೆ ಹೋಗಿ ಬರುವುದೆಂದರೆ ಅರ್ಧ ದಿನ ಮುಗಿದ ಹಾಗೆ. ನಮ್ಮ ಮನೆಯಲ್ಲಿ ಟಿವಿ ಇತ್ತು. ಯಜಮಾನರು ಹೋದ ದಿನ ಅದರ ಮೇಲೆ ಬೆಡ್‌ಶೀಟ್ ಹೊದಿಸಿದ್ದು, ಯಾರೂ ಮುಟ್ಟಿರಲಿಲ್ಲ. ನಾನು ಆ ಕಡೆ ನೋಡಿದೆ. ಅತ್ತೆಯೇ ಎದ್ದು ಹೋಗಿ ಬೆಡ್‌ಶೀಟ್ ತೆಗೆದು, ಮಡಿಸಿ, ಕುರ್ಚಿಯ ಮೇಲಿಟ್ಟರು.

“ಹಾಡು ಕುಣಿತ ಅಲ್ವಲ್ಲ. ಹಾಕು.”

ಅಕ್ಷರಗಳು ಗೋಡೆಯಷ್ಟು ದೊಡ್ಡದಾಗಿ ಬಂದವು. ಪ್ರೋಗ್ರಾಮ್ ಓಡಿಸಿದೆ. ಅದೇ ಬೈಗುಳ. ಕೈ ತಾನಾಗಿ ಮತ್ತೊಂದು ಆವೃತ್ತಿ ಹುಡುಕಲು ಹೋಯಿತು. ಅಲ್ಲೇ ತಡೆದೆ. ನಿನ್ನೆಯಿಂದ ಹಾಕಿದ ತೇಪೆಗಳಲ್ಲಿ ಯಾವುದು ಏನು ಮಾಡಿತು ಎಂದು ನನಗೇ ಗೊತ್ತಿಲ್ಲ. ಇನ್ನು ಒಂದು ತೇಪೆಯೂ ಬೇಡ, ಬೈಗುಳವನ್ನು ಪೂರ್ತಿ ಓದಿ ಮುಗಿಸದೆ ಒಂದಕ್ಷರ ಬರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಬಿಸ್ಮಿಲ್ಲಾ ಎಂದು ಮೇಲಿನಿಂದ ಬೆರಳಿಟ್ಟು ಓದಿಕೊಂಡು ಬಂದೆ. ಕೊನೆಯಲ್ಲಿ ಆ ಬ್ರಾಕೆಟ್. ಒಳಗೆ ಯಾವ ಫೈಲಿನಿಂದ ತರಲಾಗಲಿಲ್ಲ ಎಂಬುದರ ವಿಳಾಸ: ಕೇಂದ್ರ ಫೋಲ್ಡರಿನ ಟೋಕನ್.

ನಮ್ಮದು.

ಪೈಥಾನ್‌ಗೆ ತನ್ನದೇ ಒಂದು ಟೋಕನ್ ಫೈಲು ಇದೆ. ಅದಕ್ಕೂ ಆಸ್ಪತ್ರೆಯ ಚೀಟಿಗೂ ಏನೂ ಸಂಬಂಧವಿಲ್ಲ. ಬರೆದ ಪ್ರೋಗ್ರಾಮನ್ನು ಪದಪದವಾಗಿ ಬಿಡಿಸಿ ಗುರುತಿಸಲು ಅದು ಬೇಕು. ನಮ್ಮ ಕಡೆ ಪಾಳಿ ಇರುವಲ್ಲೆಲ್ಲ ಟೋಕನ್ ಎನ್ನುತ್ತೇವಲ್ಲ, ಮೇಷ್ಟರೂ ಹಾಗೇ ಹೆಸರಿಟ್ಟಿದ್ದರು. ಫೋಲ್ಡರಿನೊಳಗೆ ಇದ್ದಷ್ಟು ಕಾಲ ಎರಡೂ ತಮ್ಮ ತಮ್ಮ ಪಾಡಿಗೆ ಇದ್ದವು. ನನ್ನ ಅಡ್ಡದಾರಿ ನಮ್ಮ ಫೋಲ್ಡರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿತು. ಲೈಬ್ರರಿ ಕೆಲಸ ಮಾಡುವಾಗ ಪೈಥಾನ್ ತನ್ನ ಟೋಕನನ್ನು ಕರೆದರೆ, ಚೀಟಿ ಹಿಡಿದುಕೊಂಡು ನಮ್ಮದು ಹೋಗಿ ನಿಂತಿತ್ತು.

ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಅಂದ್ರೆ ಅವರ ಮನೇಲಿ ಯಾರನ್ನೋ ಕೂಗಿದ್ರು, ನಿಮ್ಮ ಮನೆಯವನು ಹೋಗಿ ಬಾಗಿಲು ತೆಗ್ದ,” ಎಂದರು.

“ಹೂಂ ಅಮ್ಮಾ.”

“ಬಾಗಿಲ ಹತ್ರ ಅವನನ್ನ ಕೂರಿಸಿದ್ದು ಯಾರು?”

“ನಾನೇ.”

“ಹಾಗಾದ್ರೆ ಒಳಗೆ ಕರ್ಕೋ.”

ಅಡ್ಡದಾರಿಯ ಸಾಲನ್ನು ಅಳಿಸಿದೆ. ನಿನ್ನೆ ಹಾಕಿಸಿದ ಹಳೆಯದನ್ನೆಲ್ಲ ತೆಗೆದು, ಹೊಸ ಪೈಥಾನ್, ಹೊಸ ಲೈಬ್ರರಿ ಎರಡನ್ನೂ ಮೊದಲಿನಂತೆ ಇಟ್ಟೆ. ಅವುಗಳ ನಡುವೆ ಜಗಳವೇ ಇರಲಿಲ್ಲ. ಚುಕ್ಕಿಗಳನ್ನು ಒಂದೊಂದಾಗಿ ನಾನೇ ಇಟ್ಟೆ. ಅಷ್ಟಕ್ಕೇ ಕೆಲಸ ನಡೆಯುತ್ತಿತ್ತು. ಆದರೂ ನಾಳೆ ಮತ್ಯಾರೋ ಅವಸರದಲ್ಲಿ ಇದೇ ಅಡ್ಡದಾರಿ ಹಿಡಿಯಬಹುದು ಎನಿಸಿ ಹೆಸರನ್ನೂ ಬದಲಿಸಿದೆ. ಟೋಕನ್ ಹೋಗಿ ಸರದಿ ಆಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಪದ. ಪೈಥಾನ್ ಕಟ್ಟಿದವರು ಆ ಹೆಸರು ಇಟ್ಟಿರಲಿಕ್ಕಿಲ್ಲ.

ಓಡಿಸಿದೆ. ಬೈಗುಳ ಬದಲಾಗಿತ್ತು: ಟೋಕನ್‌ನಲ್ಲಿ ‘ಹೊಸ ಚೀಟಿ’ ಎಂಬುದು ಇಲ್ಲ. ಚಾರ್ಟ್ ಫೈಲಿನ ನಡುವೆ ಒಂದು ಹಳೆಯ ಇಂಪೋರ್ಟ್ ಟೋಕನ್ ಉಳಿದುಕೊಂಡಿತ್ತು. ಆ ಸಾಲು ತಾನು ತಪ್ಪೆಂದು ಹೇಳಲೇ ಇಲ್ಲ, ಈಗ ಅದಕ್ಕೆ ಸಿಕ್ಕಿದ್ದು ಪೈಥಾನ್‌ನ ಟೋಕನ್. ಬಂದವನು ಬೇರೆಯವನೆಂದು ಗೊತ್ತಾದದ್ದು ಚೀಟಿ ಕೇಳಿದಾಗ. ಬಾಯಿ ಮಾಡುವ ತಪ್ಪಿಗಿಂತ ಹೀಗೆ ಸುಮ್ಮನೆ ಒಳಗೆ ಬಂದು ಕೂರುವ ತಪ್ಪಿಗೆ ನನಗೆ ಹೆಚ್ಚು ಹೆದರಿಕೆಯಾಯಿತು. ಎಲ್ಲ ಫೈಲುಗಳನ್ನೂ ಮತ್ತೊಮ್ಮೆ ಹುಡುಕಿ, ಚೀಟಿಯ ತಲೆಬರಹದಲ್ಲೂ ಬಿಡದೆ, ಆ ಹೆಸರನ್ನು ತೆಗೆದು ಸರದಿ ಎಂದು ಹಾಕಿದೆ.

ಕೊನೆಗೂ ಚಾರ್ಟ್ ಬಂತು. ನರ್ಸ್ ಟಿವಿಯ ಹತ್ತಿರ ಹೋಗಿ ನಿಂತು ಓದಿದರು. ಓದುತ್ತಾ ಓದುತ್ತಾ ಒಂದು ಹೆಸರಿನ ಮೇಲೆ ಬೆರಳಿಟ್ಟರು.

“ಅಕ್ಕಾ, ಇವರಿಗೆ ಎರಡೂವರೆ ನಂಬರಿನ ಮೆಷಿನ್ ಅಂತ ಬಂದಿದೆ. ಎರಡೂವರೆ ಮೆಷಿನ್ ಎಲ್ಲಿಂದ ತರ್ಲಿ?”

ಹಳೆಯ ಪೈಥಾನ್ ಐದನ್ನು ಎರಡರಿಂದ ಭಾಗಿಸಿದರೆ ಎರಡು ಎಂದು ಹೇಳಿ ಅರ್ಧವನ್ನು ಬಿಟ್ಟುಬಿಡುತ್ತಿತ್ತು. ಹೊಸದು ಪೂರ್ತಿ ಲೆಕ್ಕ ಕೊಡುತ್ತದೆ. ಭಾಗಾಕಾರದ ಒಂದು ಗೆರೆಯ ಜಾಗದಲ್ಲಿ ಎರಡು ಗೆರೆ ಹಾಕಿದರೆ ಮೊದಲಿನಂತೆ. ಹಾಕಿದೆ. ಎರಡೂವರೆ ಎಂದು ಕಂಡದ್ದರಿಂದ ಸಿಕ್ಕಿತು. ಕಾಣದ ಹಾಗೆ ಬದಲಾಗಿದ್ದರೆ? ಯಾರಾದರೂ ಹಳದಿ ಮೆಷಿನ್‌ಗೆ ಬಿದ್ದಿದ್ದರೆ?

ನರ್ಸ್ ಅವರ ಫೋನಿನಲ್ಲಿ ಗೋಡೆಗೆ ಅಂಟಿಸಿದ ಹಿಂದಿನ ವಾರಗಳ ಚಾರ್ಟುಗಳ ಫೋಟೋ ಇದ್ದವು. ಆ ವಾರಗಳ ರೋಗಿಗಳ ಹಾಳೆಯನ್ನೇ ಮತ್ತೆ ಕೊಟ್ಟು ಚಾರ್ಟ್ ಹಾಕಿಸಿದೆ. ಅವರು ಫೋನಿನಿಂದ ಹೆಸರು ಕೂಗಿದರು, ನಾನು ಟಿವಿಯಿಂದ ಮೆಷಿನ್ ನಂಬರು ಹೇಳಿದೆ. ಒಂದು ವಾರ ತಾಳೆಯಾಯಿತು. ಅದರ ಹಿಂದಿನದೂ ಆಯಿತು. ಅತ್ತೆ ಬಾಗಿಲಲ್ಲಿ ತಸ್ಬೀ ಹಿಡಿದು ಕೂತಿದ್ದವರು, ಆಪಾಳ ಹೆಸರು ಬಂದಾಗಲೆಲ್ಲ ಮಣಿ ಎಣಿಸುವುದನ್ನು ನಿಲ್ಲಿಸುತ್ತಿದ್ದರು.

“ಹಳದಿ?” ಎಂದು ನರ್ಸ್.

“ಹಳದಿ,” ಎಂದು ನಾನು.

ಮಣಿ ಮತ್ತೆ ಉರುಳುತ್ತಿತ್ತು.

ಡಾಕ್ಟರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆವು, ಎರಡೂವರೆಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ಇನ್ನೊಂದು ವಾರ ಹಿಂದಕ್ಕೆ ಹೋಗಿ ನೋಡಿ ಎಂದರು. ನೋಡಿದೆವು. ಸೋಮವಾರದ ಚಾರ್ಟನ್ನು ತಾವೂ ಒಂದು ಸಲ ಕಣ್ಣಾರೆ ನೋಡಿ ಆಮೇಲೆ ಹಳದಿ ಮೆಷಿನ್ ಹಾಕಿಸುತ್ತೇನೆ ಎಂದರು. ಅದೇ ಸರಿ ಎನಿಸಿತು. ನರ್ಸ್ ಡಬ್ಬವನ್ನು ಮತ್ತೆ ಅವಚಿಕೊಂಡು ಆಂಬುಲೆನ್ಸ್ ಹತ್ತಿದರು. ನಾನು ಬಾಗಿಲ ಒಳಗೇ ನಿಂತು ನೋಡಿದೆ. ಅತ್ತೆ ಟಿವಿಗೆ ಬೆಡ್‌ಶೀಟ್ ಹೊದಿಸಲಿಲ್ಲ.

ಸೋಮವಾರ ಬೆಳಿಗ್ಗೆಯಿಂದ ಫೋನನ್ನು ಎದುರಿಗೇ ಇಟ್ಟುಕೊಂಡಿದ್ದೆ. ಅದು ಬಡಿದುಕೊಂಡದ್ದು ಹೊತ್ತು ಏರಿದ ಮೇಲೆ. ಆ ಕಡೆಯಿಂದ ಮೊದಲು ಕೇಳಿದ್ದು ಮೆಷಿನ್ನಿನ ಕೀ ಕೀ ಸದ್ದು, ಆಮೇಲೆ ಆಪಾ.

“ಒಂದು ಕೈಗೆ ಸೂಜಿ, ಒಂದು ಕೈಯಲ್ಲಿ ಫೋನು. ಮೂಗು ಕೆರೀತಿದೆ ಮಾರಾಯ್ತಿ, ಏನ್ಮಾಡ್ಲಿ?”

“ಉಸಿರು ಹೇಗಿದೆ ಆಪಾ?”

“ಬರ್ತಾ ಇದೆ. ಇನ್ನೂ ಪೂರ್ತಿ ಅಲ್ಲ. ಒಳಗಿನ ನೀರೆಲ್ಲ ಒಂದೇ ಸಲ ತೆಗೆಯಲ್ವಂತೆ, ನಾಳೆ ಇನ್ನೊಂದು ಸಲ ಬರಕ್ಕೆ ಹೇಳಿದಾರೆ. ನನ್ನ ಚೀಟಿ ಮೇಲೆ ಟೋಕನ್ ಅಂತಿಲ್ಲ, ಸರದಿ ಅಂತಿದೆ. ಯಾರ ಕೆಲಸ ಅದು?”

“ಅದೊಂದು ದೊಡ್ಡ ಕಥೆ.”

“ಹೇಳು. ಇನ್ನೂ ಮೂರು ಗಂಟೆ ನಾನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ. ನೀನೂ ಅಲ್ಲಾಡೋ ಹಾಗಿಲ್ಲ. ಇಂಥ ಪುರಸೊತ್ತು ನಮ್ಮಿಬ್ಬರಿಗೂ ಯಾವಾಗ ಸಿಕ್ಕಿತ್ತು?”

ಹೇಳಲು ಶುರು ಮಾಡಿದೆ. ಹಿತ್ತಲಿನಿಂದ ಅತ್ತೆ, ನಲ್ಲಿಯಲ್ಲಿ ನೀರು ಬಂತು ಎಂದು ಕೂಗಿದರು. ಫೋನನ್ನು ಸ್ಪೀಕರಿಗೆ ಹಾಕಿ ತೊಟ್ಟಿಯ ಕಟ್ಟೆಯ ಮೇಲಿಟ್ಟೆ, ಕೊಡ ತೊಳೆದು ನಲ್ಲಿಯ ಕೆಳಗಿಟ್ಟೆ.